ಅಂಗಳದ ಬಿಸಿಲು
ಸುಳ್ಯದ ನಮ್ಮ ಅಂಗಳದಲ್ಲಿ ಬಿಸಿಲಿಗೆ ಒಂದೇ ಕೆಲಸ: ಅಡಿಕೆ ಒಣಗಿಸುವುದು. ಸುಮಾರು ನಲವತ್ತು ದಿನ. ಮೋಡ ಕಂಡರೆ ಅಜ್ಜ ಗದರುತ್ತಿದ್ದರು. ಮಾಡಿಗೆ ಸಿಲಿಕಾನಿನ ನೀಲಿ ಫಲಕ ಏರಿದ್ದು 1995ರಲ್ಲಿ ಹರೀಶ್ ಹಂದೆ ಸೌರವಿದ್ಯುತ್ ಕಂಪನಿ ಸೆಲ್ಕೋ ಕಟ್ಟಿದ ಮೇಲೆ.

ಸಾವಯವ ಸೌರಕೋಶದ ಕಥೆ ಬೇರೆ. ಸಾವಯವ ಎಂದರೆ ಸೆಗಣಿ ಗೊಬ್ಬರವಲ್ಲ, ಇಂಗಾಲದ ಅಣುಗಳು! 1986ರಲ್ಲಿ, ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆ ತೆರೆದ ವರ್ಷವೇ, ಅಮೆರಿಕದ ಕೊಡಾಕ್‌ನಲ್ಲಿ ಚಿಂಗ್ ಟಾಂಗ್ ಎರಡು ಪದರದ ಕೋಶದಿಂದ ಸುಮಾರು ಶೇ. 1 ದಕ್ಷತೆ ಪಡೆದುದನ್ನು ಪ್ರಕಟಿಸಿದರು. ಈಗ ಪ್ರಯೋಗಾಲಯದಲ್ಲಿ ಶೇ. 19 ದಾಟಿದೆ, ಶಾಯಿಯಂತೆ ಪ್ಲಾಸ್ಟಿಕ್ ಹಾಳೆಗೆ ಮುದ್ರಿಸಲೂಬಹುದು. ಆದರೆ ತೇವ, ಆಮ್ಲಜನಕ ತಾಗಿದರೆ ಬೇಗ ಸೊರಗುತ್ತದೆ. ಮಳೆ ಸುರಿಯುವ ಆಟಿ ತಿಂಗಳಲ್ಲಂತೂ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು.