ಎತ್ತರ ಅಳೆದ ಮೇಲೆ

ಪಿಎಸ್‌ಐ ಪರೀಕ್ಷೆಯ ಹಗರಣ ಬಯಲಾದಾಗಿನಿಂದ ಪೊಲೀಸ್ ನೇಮಕಾತಿಯ ಚರ್ಚೆ ಬಾಗಿಲು ದಾಟಿ ಒಳಗೆ ಬಂದೇ ಇಲ್ಲ. 545 ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಮರುವರ್ಷ ರದ್ದಾಯಿತು. 2024ರ ಜನವರಿಯಲ್ಲಿ ಮರುಪರೀಕ್ಷೆಯೂ ಮುಗಿಯಿತು. ಒಎಂಆರ್ ಹಾಳೆ ತಿದ್ದುವವರನ್ನು ಹಿಡಿಯಬೇಕು, ಸರಿ. ಆಯ್ಕೆಯಾಗಿ ಬಂದವರಿಗೆ ಏನು ಕಲಿಸುತ್ತೇವೆ, ಯಾರು ಕಲಿಸುತ್ತಾರೆ ಎಂದು ಕೇಳಿದವರನ್ನು ಮಾತ್ರ ನಾನು ಕಾಣೆ. ಸೇವೆಯ ಬಹುಪಾಲನ್ನು ತರಬೇತಿ ಶಾಲೆಗಳಲ್ಲಿ ಕಾನೂನು ಪಾಠಕ್ಕೇ ಸವೆಸಿದವನು ನಾನು. ಹಾಗಾಗಿ ಈ ಬರಹ.

ಹಳೆಯದನ್ನು ಬೇಗ ಮುಗಿಸುತ್ತೇನೆ. 1857ರ ದಂಗೆಯ ಬೆನ್ನಿಗೇ ಬಂದ 1861ರ ಪೊಲೀಸ್ ಕಾಯ್ದೆಗೆ ಬೇಕಿದ್ದದ್ದು ಹೇಳಿದ್ದನ್ನು ಮಾಡುವ ಆಳು. ಅದಕ್ಕೆ ಕವಾಯತು ಸಾಕಿತ್ತು. 1902ರ ಫ್ರೇಜರ್ ಆಯೋಗ ಪ್ರಾಂತ್ಯಕ್ಕೊಂದು ತರಬೇತಿ ಶಾಲೆ ಬೇಕೆಂದಿತು. ಮುಂಬಯಿ ಪ್ರಾಂತ್ಯದವರು ನಾಸಿಕಕ್ಕೆ, ಮದರಾಸಿನವರು ವೆಲ್ಲೂರಿಗೆ ಹೋದರು. 1956ರಲ್ಲಿ ರಾಜ್ಯ ಒಂದಾದಾಗ ಫೌಜದಾರರೂ ದಫೇದಾರರೂ ತಂತಮ್ಮ ರೂಢಿಗಳ ಸಮೇತ ಒಂದೇ ಇಲಾಖೆಗೆ ಬಂದರು. ಅವನ್ನೆಲ್ಲ ಒಂದೇ ಚೌಕಟ್ಟಿಗೆ ತಂದದ್ದು 1963ರ ಕರ್ನಾಟಕ ಪೊಲೀಸ್ ಕಾಯ್ದೆ.

ಅರ್ಹತೆಯ ಪಟ್ಟಿ ಕೋಚಿಂಗ್ ಸೆಂಟರಿನ ಹುಡುಗರಿಗೆ ಬಾಯಿಪಾಠ. ಗಂಡಸರಿಗೆ 168 ಸೆಂಟಿಮೀಟರ್ ಎತ್ತರ, 86 ಸೆಂಟಿಮೀಟರ್ ಎದೆ. ಹೆಂಗಸರಿಗೆ 157 ಸೆಂಟಿಮೀಟರ್ ಎತ್ತರ, 45 ಕಿಲೋ ತೂಕ. ಆಮೇಲೆ ಓಟ, ಜಿಗಿತ, ಗುಂಡು ಎಸೆತ. ಸಿವಿಲ್ ಕಾನ್‌ಸ್ಟೇಬಲ್ ಆಗಲು ಹಿಂದೆ ಎಸ್ಸೆಸ್ಸೆಲ್ಸಿ ಸಾಕಿತ್ತು, ಈಗ ಪಿಯುಸಿ ಬೇಕು. ಪಿಎಸ್‌ಐಗೆ ಪದವಿ. ಎಂಜಿನಿಯರುಗಳೂ ಸ್ನಾತಕೋತ್ತರ ಪದವೀಧರರೂ ಕಾನ್‌ಸ್ಟೇಬಲ್ ಹುದ್ದೆಗೆ ಅರ್ಜಿ ಹಾಕುವುದನ್ನು ಕಂಡು ‘ಇಲಾಖೆ ಸುಧಾರಿಸಿತು’ ಎಂದು ಹಿಗ್ಗುವವರಿದ್ದಾರೆ. ಅದು ಸುಧಾರಿಸಿದ ಇಲಾಖೆಯ ಗುರುತಲ್ಲ, ಕೆಲಸವಿಲ್ಲದ ನಾಡಿನ ಗುರುತು. ಪಿಎಸ್‌ಐ ಆಗುವವರಿಗಾದರೂ ಪ್ರಬಂಧ, ಅನುವಾದಗಳ ಐವತ್ತು ಅಂಕದ ಪತ್ರಿಕೆಯಿದೆ. ಕಾನ್‌ಸ್ಟೇಬಲ್ ಪರೀಕ್ಷೆಯಲ್ಲಿ ನೂರಕ್ಕೆ ನೂರೂ ಗುರುತು ಹಾಕುವ ಪ್ರಶ್ನೆಗಳೇ. ಮುಂದೆ ಠಾಣೆಯಲ್ಲಿ ರೈಟರ್ ಆಗಿ ಹೇಳಿಕೆ ಬರೆದುಕೊಳ್ಳಬೇಕಾದವನು ಒಂದು ವಾಕ್ಯವನ್ನೂ ಬರೆಯದೆ ಒಳಗೆ ಬರುತ್ತಾನೆ. ಅರ್ಹತೆಯಲ್ಲಿ ನಿಜಕ್ಕೂ ಬದಲಾವಣೆ ಎನ್ನಬಹುದಾದದ್ದು 2021ರದು. ಮೀಸಲು ಪೊಲೀಸ್ ನೇಮಕಾತಿಯ ಅಧಿಸೂಚನೆಯಲ್ಲಿ ಗಂಡು, ಹೆಣ್ಣು ಎರಡೇ ಇದ್ದದ್ದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೌಕರಿಯಲ್ಲಿ ಶೇ. 1 ಮೀಸಲು ಬಂತು. ಅದಕ್ಕೆ ಸಿಗಬೇಕಾದಷ್ಟು ಮೆಚ್ಚುಗೆ ಸಿಗಲಿಲ್ಲ.

ತರಬೇತಿಗೆ ಬೌದ್ಧಿಕ ನೆಲೆ ಒದಗಿಸಿದ್ದು ಎಪ್ಪತ್ತರ ದಶಕದ ಗೋರೆ ಸಮಿತಿ. ಅದರ ಅಧ್ಯಕ್ಷರು ಪೊಲೀಸರಲ್ಲ, ಸಮಾಜಶಾಸ್ತ್ರಜ್ಞರು. ಪೊಲೀಸನಿಗೆ ಸಮಾಜ ತಿಳಿಯಬೇಕು, ಬರೀ ಸೆಕ್ಷನ್ ತಿಳಿದರೆ ಸಾಲದು ಎಂಬ ಮಾತು ಇಲಾಖೆಯ ಕಿವಿಗೆ ಬಿದ್ದದ್ದು ಆಗ. ಪೊಲೀಸ್ ಸುಧಾರಣೆಗೆಂದು ನೇಮಕವಾದ ಧರ್ಮವೀರ ಆಯೋಗವಂತೂ ಕಾನ್‌ಸ್ಟೇಬಲ್‌ನನ್ನು ಯಂತ್ರದಂತೆ ದುಡಿಸುವುದು ನಿಲ್ಲಲಿ, ಅವನಿಗೂ ವಿವೇಚನೆಯ ಕೆಲಸ ಕೊಡಿ ಎಂದಿತು. ನಮ್ಮ ಪೀಳಿಗೆಯ ಬೋಧಕರು ಇವನ್ನು ಓದಿಕೊಂಡೇ ಬಂದವರು. ಬಂಧಿಸುವಾಗ ಪಾಲಿಸಬೇಕಾದ ಕ್ರಮಗಳನ್ನು ವಿಧಿಸಿದ 1996ರ ಡಿ.ಕೆ. ಬಸು ತೀರ್ಪು ಬಂದಾಗ ದಸ್ತಗಿರಿಯ ಪಾಠವನ್ನೇ ಹೊಸದಾಗಿ ಕಟ್ಟಿದೆವು. ಮೈದಾನದ ಮೂಲೆಯ ಖಾಲಿ ಕ್ವಾರ್ಟರ್ಸಿನಲ್ಲಿ ಕಳ್ಳತನ ನಡೆದಂತೆ ಬೀರು ತೆರೆದಿಟ್ಟು ಮಹಜರು ಬರೆಸುತ್ತಿದ್ದೆವು. ಮೆಸ್ಸಿನ ಅಡುಗೆಯವರೇ ಪಂಚರು. ಮರುದಿನ ನಿವೃತ್ತ ಸರ್ಕಾರಿ ಅಭಿಯೋಜಕರೊಬ್ಬರು ಕರಿಕೋಟು ತೊಟ್ಟು ಪಾಟೀಸವಾಲಿಗೆ ನಿಂತರೆ, ಪರೇಡಿನಲ್ಲಿ ಎದೆಯುಬ್ಬಿಸಿ ನಿಲ್ಲುತ್ತಿದ್ದ ಹುಡುಗರು ಬೆವರುತ್ತಿದ್ದರು. ಬೀರುವಿನ ಬೀಗ ಎಲ್ಲಿತ್ತೆಂದು ಮಹಜರಿನಲ್ಲಿ ಬರೆಯದಿದ್ದರೆ ಕೇಸು ಹೇಗೆ ಬಿದ್ದುಹೋಗುತ್ತದೆ ಎಂಬುದು ಅವರಿಗೆ ಅರ್ಥವಾಗುತ್ತಿದ್ದದ್ದು ಅಲ್ಲಿ. ಡ್ರಿಲ್ ಉಸ್ತಾದರಿಗೆ ನಮ್ಮ ಮೇಲೆ ಸಿಟ್ಟಿತ್ತು. ಅವರ ಅವಧಿಯನ್ನು ನಾವು ಕದಿಯುತ್ತಿದ್ದೆವಲ್ಲ!

ಈಗ ಮೈಸೂರಿನ ಅಕಾಡೆಮಿಯಿಂದ ಹಿಡಿದು ಚನ್ನಪಟ್ಟಣ, ಖಾನಾಪುರ, ನಾಗನಹಳ್ಳಿಯವರೆಗೆ ತರಬೇತಿ ಕೇಂದ್ರಗಳಿವೆ, ಸ್ಮಾರ್ಟ್ ಬೋರ್ಡುಗಳೂ ಬಂದಿವೆ. 2024ರ ಜುಲೈ 1ರಿಂದ ಹೊಸ ಅಪರಾಧ ಕಾನೂನುಗಳು ಜಾರಿಯಾಗಿ, ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡುವುದು ಕಡ್ಡಾಯವಾಗಿದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂಬ ನಿಯಮವೂ ಹಂತಹಂತವಾಗಿ ಬರುತ್ತಿದೆ. ಇವನ್ನು ಸ್ಲೈಡ್ ತೋರಿಸಿ ಕಲಿಸಲಾಗದು. ಖಾಲಿ ಕ್ವಾರ್ಟರ್ಸಿನ ಪಾಠವೇ ಬೇಕು. ಅದನ್ನು ಮಾಡಬೇಕಾದ ಬೋಧಕನ ಹುದ್ದೆಯನ್ನು ಇಲಾಖೆ ಇವತ್ತಿಗೂ ಶಿಕ್ಷೆಯ ವರ್ಗಾವಣೆ ಎಂದೇ ಎಣಿಸುತ್ತದೆ. ಮೇಲಿನವರ ಮುನಿಸಿಗೆ ಗುರಿಯಾಗಿ ಬಂದವನು ವಾಪಸು ಠಾಣೆ ಹಿಡಿಯುವ ದಾರಿ ಹುಡುಕುತ್ತಾನೆಯೇ ಹೊರತು ಪಾಠದ ಟಿಪ್ಪಣಿ ತಿದ್ದುತ್ತ ಕೂರುವುದಿಲ್ಲ.

ತರಬೇತಿ ಶಾಲೆ ಬಿಟ್ಟ ಮೇಲಿನ ಕಥೆಯನ್ನಂತೂ ನಾನು ಕಂಡ ಯಾವ ಸಮೀಕ್ಷೆಯೂ ಮುಟ್ಟಿಲ್ಲ. ಪ್ರೊಬೆಷನರಿ ಪಿಎಸ್‌ಐ ಠಾಣಾ ತರಬೇತಿಗೆಂದು ಹೋದರೆ ಜಾತ್ರೆ, ರ‍್ಯಾಲಿ, ಚುನಾವಣೆಯ ಬಂದೋಬಸ್ತಿನಲ್ಲೇ ತಿಂಗಳು ಕಳೆಯುತ್ತವೆ. ‘ಅಲ್ಲಿ ಓದಿದ್ದನ್ನೆಲ್ಲ ಮರೆತುಬಿಡಿ ಸಾರ್’ ಎನ್ನುವ ಹಳಬ ಠಾಣೆಗೊಬ್ಬನಾದರೂ ಸಿಗುತ್ತಾನೆ. ನಾವು ಕಲಿಸಿದ ಹುಡುಗ ವರ್ಷದ ಮೇಲೆ ಬರೆದ ಕೇಸ್ ಡೈರಿಯ ಒಂದು ನಕಲನ್ನಾದರೂ, ಕೋರ್ಟಿನಲ್ಲಿ ಬಿದ್ದುಹೋದ ಅವನ ಮೊದಲ ಕೇಸಿನ ತೀರ್ಪನ್ನಾದರೂ ತರಬೇತಿ ಶಾಲೆಗೆ ಕಳಿಸಿಕೊಡಿ ಎಂದು ನಾವು ಕೆಲವರು ಬರೆದುಕೊಂಡಿದ್ದೆವು. ಕಡತ ಮೇಲೆ ಹೋದದ್ದಷ್ಟೇ ಗೊತ್ತು.