ಒಂದು ಎಂಜಿನ್ನಿನ ಜೀರ್ಣೋದ್ಧಾರ

ಹಳೆಯ ಮೋಟಾರು ಕಾರನ್ನು ಕೊಳ್ಳಹೊರಟವನು ಅದರ ಮೈಬಣ್ಣವನ್ನು ಕಂಡು ಮೋಹಗೊಳ್ಳುತ್ತಾನೆ. ಎಂಜಿನ್ನನ್ನು ನೆನೆದು ಅಳುಕುತ್ತಾನೆ. ಬಣ್ಣ ಕಣ್ಣಿಗೆ ಕಾಣುವಂಥದು. ಎಂಜಿನ್ನಿನ ಒಳಗುಟ್ಟಾದರೋ ಹಿಂದಿನ ಒಡೆಯನಿಗೂ ಅವನ ಮೆಕ್ಯಾನಿಕ್ಕನಿಗೂ ಮಾತ್ರ ಗೊತ್ತು. ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. ವೇಗಕ್ಕೆಂದೇ ಹುಟ್ಟಿದ ಸ್ಪೋರ್ಟ್ಸ್ ಕಾರಾದರಂತೂ ಈ ಅಳುಕು ಇಮ್ಮಡಿಯಾಗುತ್ತದೆ. ಇಂಥ ಅಳುಕಿಗೇ ಹೆಸರಾಗಿ, ಕೊನೆಗೆ ಅದನ್ನು ನೀಗಿಕೊಂಡ ಇಂಗ್ಲೆಂಡಿನ ಒಂದು ಕಾರಿನ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದರ ಹೆಸರು ಟ್ರಯಂಫ್ ಸ್ಟ್ಯಾಗ್. ಸ್ಟ್ಯಾಗ್ ಎಂದರೆ ಕವಲುಗೊಂಬಿನ ಗಂಡು ಜಿಂಕೆ.

ಕಾವೆಂಟ್ರಿ ಪಟ್ಟಣದ ಟ್ರಯಂಫ್ ಕಂಪನಿಗೆ ಕಾರುಗಳ ರೂಪರೇಖೆ ಬರೆದುಕೊಡುತ್ತಿದ್ದವನು ಇಟಲಿಯ ಜೊವಾನಿ ಮಿಕೆಲೊಟ್ಟಿ. ಪ್ರದರ್ಶನಕ್ಕೆ ಇಡಲೆಂದು ಆತ ಹಳೆಯದೊಂದು ಟ್ರಯಂಫ್ 2000 ಕಾರನ್ನು ಪಡೆದು, ಅದಕ್ಕೆ ಹೊಸ ಮೈಕಟ್ಟು ಕೊಟ್ಟನು. ಕಂಪನಿಯ ಮುಖ್ಯ ಎಂಜಿನಿಯರ್ ಹ್ಯಾರಿ ವೆಬ್‌ಸ್ಟರ್ ಅದನ್ನು ಕಂಡು ಮೆಚ್ಚಿ, ಪ್ರದರ್ಶನಕ್ಕೆ ಬಿಡದೆ ಕಂಪನಿಗೇ ತೆಗೆದುಕೊಂಡನು. ನಾಲ್ವರು ಕೂರಬಹುದಾದ, ಮೇಲ್ಹೊದಿಕೆಯನ್ನು ಮಡಿಸಬಹುದಾದ ಆ ಕಾರು 1970ರ ಜೂನ್ ತಿಂಗಳಲ್ಲಿ ಮಾರುಕಟ್ಟೆಗೆ ಬಂದಿತು. ನೋಡಿದವರೆಲ್ಲ ಭಲೆ ಎಂದರು.

ಅದರ ಎಂಜಿನ್ನು ಎಂಟು ಸಿಲಿಂಡರುಗಳದು. ಅಳತೆ 2997 ಘನ ಸೆಂಟಿಮೀಟರು, ಬಲ 145 ಅಶ್ವಶಕ್ತಿ. ಟ್ರಯಂಫ್ ಕಂಪನಿಯವರು ಒಂದು ಬದಿಗೆ ವಾಲಿದ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಸ್ವೀಡನ್ನಿನ ಸಾಬ್ 99 ಕಾರಿಗೆ ಒದಗಿಸುತ್ತಿದ್ದರು. ಅಂಥ ಎರಡನ್ನು ಒಂದಕ್ಕೊಂದು ಕೂಡಿಸಿದರೆ ಎಂಟು ಸಿಲಿಂಡರಿನದಾಗುತ್ತದೆ ಎಂಬುದು ಅವರ ಯೋಜನೆ. ಮೊದಲು ಎರಡೂವರೆ ಲೀಟರಿನದಾಗಿದ್ದ ಅದನ್ನು ಬಳಿಕ ಮೂರು ಲೀಟರಿಗೆ ಹಿಗ್ಗಿಸಿದರು. ಅಷ್ಟರಲ್ಲಿ ಮತ್ತೊಂದು ಮಾತು ಎದ್ದಿತು. 1967ರಲ್ಲಿ ಲೇಲ್ಯಾಂಡ್ ಎಂಬ ದೊಡ್ಡ ಸಂಸ್ಥೆ ರೋವರನ್ನು ಕೊಂಡಾಗ ಟ್ರಯಂಫೂ ರೋವರೂ ಒಂದೇ ಸೂರಿನಡಿ ಬಂದವು. ರೋವರ್ ಕಂಪನಿಯಲ್ಲಿ ಮೂರೂವರೆ ಲೀಟರಿನ ಎಂಟು ಸಿಲಿಂಡರಿನ ಎಂಜಿನ್ನು ಸಿದ್ಧವಾಗಿಯೇ ಇತ್ತು. ಆದರೆ ಅದು ಸ್ಟ್ಯಾಗಿನಲ್ಲಿ ಹಿಡಿಸದು ಎಂದು ಹೇಳಿ, ಟ್ರಯಂಫಿನವರು ತಮ್ಮ ಎಂಜಿನ್ನನ್ನೇ ಇಟ್ಟುಕೊಂಡರು.

ಕೊಂಡವರಿಗೆ ಬೇಗನೆ ಕಷ್ಟ ಕಾಣಿಸಿಕೊಂಡಿತು. ದಾರಿಯಲ್ಲಿ ಎಂಜಿನ್ನು ಕಾಯುವುದು, ಬಾನೆಟ್ಟಿನ ಸಂದಿಯಿಂದ ಹಬೆ ಏಳುವುದು, ಹೆಡ್ಡು ಸೊಟ್ಟಗಾಗುವುದು. ಕಾರಣಗಳು ಹಲವು. ಎಂಜಿನ್ನಿನ ಕೆಳಮೈ ಬೀಡು ಕಬ್ಬಿಣದ್ದು, ತಲೆ ಅಲ್ಯುಮಿನಿಯಮಿನದು. ಎರಡು ಲೋಹಗಳು ನೀರಿನಲ್ಲಿ ಕೂಡಿದ ಕಡೆ ಸವೆತ ಬೇಗ. ತುಕ್ಕನ್ನು ತಡೆಯುವ ದ್ರವವನ್ನು ವರ್ಷವಿಡೀ ನೀರಿಗೆ ಬೆರೆಸಿರಬೇಕು. ಹಾಗೆ ಮಾಡದಿದ್ದಲ್ಲಿ ಕಿಲುಬು ಉದುರಿ ರೇಡಿಯೇಟರಿನ ಸಣ್ಣ ದಾರಿಗಳನ್ನು ಕಟ್ಟುತ್ತಿತ್ತು. ಎರಕದ ಮರಳು ಒಳಗೇ ಉಳಿದುಕೊಂಡ ಎಂಜಿನ್ನುಗಳೂ ಇದ್ದವು. ನೀರಿನ ಪಂಪನ್ನು ಸಿಲಿಂಡರುಗಳ ಎರಡು ಸಾಲುಗಳ ನಡುವೆ ಎತ್ತರದಲ್ಲಿ ಇಟ್ಟಿದ್ದರು. ನೀರು ತುಸು ಕಡಿಮೆಯಾದರೂ ಪಂಪು ಬರಿದಾಗುತ್ತಿತ್ತು. ವಾಲ್ವುಗಳನ್ನು ನಡೆಸುವ ಸರಪಳಿ ಒಂಟಿ ಎಳೆಯದು. ಸುಮಾರು 25,000 ಮೈಲಿ ಓಡಿದ ಮೇಲೆ ಸಡಿಲವಾಗುತ್ತಿತ್ತು. ಅದು ಹಲ್ಲು ತಪ್ಪಿದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ನು ಹಾಳು.

ಹೆಡ್ಡನ್ನು ಬಿಚ್ಚುವುದೂ ಸುಲಭವಲ್ಲ. ಅದನ್ನು ಬಿಗಿದ ಮೊಳೆಗಳಲ್ಲಿ ಅರ್ಧ ಒಂದು ಕೋನದಲ್ಲಿ, ಉಳಿದವು ಇನ್ನೊಂದು ಕೋನದಲ್ಲಿ. ಒಂದು ತುಕ್ಕು ಹಿಡಿದು ಕಚ್ಚಿಕೊಂಡರೂ ಹೆಡ್ಡು ಮೇಲೇಳದು. ಊರೂರ ಗ್ಯಾರೇಜುಗಳಲ್ಲಿ ಈ ಮರ್ಮಗಳನ್ನು ಬಲ್ಲವರು ವಿರಳ. 1973ರಲ್ಲಿ ಅಮೆರಿಕದಲ್ಲಿ ಮಾರಾಟ ನಿಂತಿತು; 1977ರಲ್ಲಿ ತಯಾರಿಕೆಯೇ ನಿಂತಿತು. ಅಷ್ಟು ವರ್ಷಗಳಲ್ಲಿ ತಯಾರಾದ ಕಾರುಗಳು 26,000ಕ್ಕೂ ಕಡಿಮೆ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಇದರ ಉತ್ತರಾರ್ಧವನ್ನು ಬರೆದವರು ಹಳೆಯ ಕಾರನ್ನು ಕೊಂಡವರು. ಅಪಖ್ಯಾತಿಯಿಂದ ಬೆಲೆ ಇಳಿದಿತ್ತು. ಹೊಸ ಕಾರಿಗೆ ಹಣ ಸಾಲದವರಿಗೂ ಸ್ಟ್ಯಾಗ್ ಕೈಗೆಟುಕಿತು. ಅವರಲ್ಲಿ ಹಲವರು ಮೂಲ ಎಂಜಿನ್ನನ್ನು ಕಿತ್ತೆಸೆದು, ಯಾವುದು ಹಿಡಿಸದೆಂದು ಹೇಳಿದ್ದರೋ ಆ ರೋವರ್ ಎಂಜಿನ್ನನ್ನೇ ಹಿಡಿಸಿಕೊಂಡರು! ಫೋರ್ಡಿನದನ್ನು ಹಾಕಿಸಿಕೊಂಡವರೂ ಉಂಟು. ಮತ್ತೆ ಕೆಲವರು ಮಾತ್ರ ಬೇರೊಂದು ಪ್ರಶ್ನೆ ಕೇಳಿದರು: ಈ ಎಂಜಿನ್ನು ಹುಟ್ಟಿನಿಂದಲೇ ಕೆಟ್ಟದ್ದೋ, ಅಥವಾ ಕೆಡಿಸಲ್ಪಟ್ಟದ್ದೋ?

ನಾನು ವೃತ್ತಿಯಿಂದ ಕನ್ನಡ ಪಂಡಿತ. ಈ ಪ್ರಶ್ನೆ ನನಗೆ ಹೊಸದಲ್ಲ. ಹಳೆಯ ಓಲೆಗರಿಯಲ್ಲಿ ಛಂದಸ್ಸು ಕೆಟ್ಟ ಪದ್ಯವೊಂದು ಸಿಕ್ಕಿದರೆ ಅದು ಕವಿಯ ತಪ್ಪೋ ಪ್ರತಿಕಾರನ ತಪ್ಪೋ ಎಂದು ಮೊದಲು ವಿಚಾರಿಸಬೇಕು. ಹತ್ತು ಪ್ರತಿಗಳನ್ನು ಹೋಲಿಸಿ ನೋಡಿದ ಮೇಲೆ, ಬಹಳ ಸಲ ಕವಿ ನಿರ್ದೋಷಿಯಾಗಿ ಹೊರಬರುತ್ತಾನೆ. ಕೆಲವೊಮ್ಮೆ ಕವಿಯೂ ಎಡವಿದ್ದು ನಿಜವೆಂದು ಗೊತ್ತಾಗುತ್ತದೆ. ಸ್ಟ್ಯಾಗಿನ ಒಡೆಯರೂ ಹೀಗೆಯೇ ಹೋಲಿಸಿ ನೋಡಿದರು. 1979ರಲ್ಲಿ ಅವರದೊಂದು ಸಂಘ ಏರ್ಪಟ್ಟಿತು. ಒಬ್ಬನ ಕಾರಿನಲ್ಲಿ ಕಂಡ ದೋಷ ಮತ್ತೊಬ್ಬನಿಗೆ ಎಚ್ಚರಿಕೆಯಾಯಿತು. ಸಿಕ್ಕದ ಬಿಡಿಭಾಗಗಳನ್ನು ತಾವೇ ಮಾಡಿಸಿದರು.

ಅವರು ಕಂಡುಕೊಂಡ ತೀರ್ಪು ಎರಡು ಬಗೆಯದು. ಪಂಪಿನ ಎತ್ತರ, ಸರಪಳಿಯ ಅಲ್ಪಾಯುಷ್ಯ ಇವು ಮೂಲಕರ್ತೃವಿನ ತಪ್ಪುಗಳು. ಉಳಿದ ಮರಳು ಎರಕದ ಮನೆಯ ತಪ್ಪು. ಕಟ್ಟಿದ ರೇಡಿಯೇಟರು ಒಡೆಯನ ಮತ್ತು ಮೆಕ್ಯಾನಿಕ್ಕನ ಉದಾಸೀನ. ಮೊದಲನೆಯದಕ್ಕೆ ಹೊತ್ತುಹೊತ್ತಿಗೆ ನೀರು ನೋಡುವುದು, ಸರಪಳಿ ಸಡಿಲವಾಗುವ ಮೊದಲೇ ಬದಲಾಯಿಸುವುದು ಪರಿಹಾರ. ಎರಡನೆಯದಕ್ಕೆ ಎಂಜಿನ್ನಿನ ಒಳದಾರಿಗಳನ್ನು ಪೂರ್ತಿ ತೊಳೆಯುವುದು, ಒಳ್ಳೆಯ ರೇಡಿಯೇಟರು ಕೂರಿಸುವುದು, ತುಕ್ಕು ತಡೆಯುವ ದ್ರವವನ್ನು ತಪ್ಪದೆ ಹಾಕುವುದು ಪರಿಹಾರ. ಇಷ್ಟನ್ನು ಶ್ರದ್ಧೆಯಿಂದ ಮಾಡಿದಾಗ ಅದೇ ಎಂಜಿನ್ನು ನಂಬಿಕೆಯಿಂದ ಓಡತೊಡಗಿತು. ಇಂದು ಸ್ಟ್ಯಾಗನ್ನು ಕೊಳ್ಳಬರುವವರು ಮೂಲ ಎಂಜಿನ್ನಿರುವ ಕಾರನ್ನೇ ಹುಡುಕಿ ಹೆಚ್ಚು ಬೆಲೆ ಕೊಡುತ್ತಾರೆ. ರೋವರ್ ಎಂಜಿನ್ನು ಹಾಕಿಸಿಕೊಂಡಿದ್ದ ಕೆಲವರು ಹಳೆಯದನ್ನೇ ಮರಳಿ ಪ್ರತಿಷ್ಠೆ ಮಾಡಿದ್ದಾರೆ.

ಗುಡಿಯನ್ನು ಕಟ್ಟಿಸಿದವನಿಗೆ ಎಷ್ಟು ಪುಣ್ಯವೋ ಜೀರ್ಣೋದ್ಧಾರ ಮಾಡಿಸಿದವನಿಗೆ ಅದಕ್ಕಿಂತ ಹೆಚ್ಚು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಟ್ಟುವವನಿಗೆ ಉತ್ಸಾಹ ಸಾಕು. ಉದ್ಧರಿಸುವವನಿಗೆ ತಾಳ್ಮೆಯೂ ಬೇಕು, ವಿವೇಚನೆಯೂ ಬೇಕು. ಆದುದರಿಂದ ಹಳೆಯ ಗಾಡಿಯನ್ನು ಕೊಳ್ಳುವ ಗೃಹಸ್ಥನು ಅದರ ಕುಖ್ಯಾತಿಯನ್ನು ಕೇಳಿ ಓಡಲೂ ಬೇಡ, ಬಣ್ಣ ನೋಡಿ ಮರುಳಾಗಲೂ ಬೇಡ. ನೀರು ಯಾವಾಗ ಬದಲಾಯಿತು, ಸರಪಳಿ ಯಾವಾಗ ಬದಲಾಯಿತು, ಅದಕ್ಕೆ ರಸೀದಿ ಉಂಟೆ ಎಂದು ಮಾರುವವನನ್ನು ಕೇಳಲಿ. ಆಮೇಲೆ, ಅದೇ ಪ್ರಶ್ನೆಗಳಿಗೆ ನಾಳೆ ತಾನು ಉತ್ತರ ಕೊಡುವಂತೆ ಆ ಗಾಡಿಯನ್ನು ಇಟ್ಟುಕೊಳ್ಳಲಿ.