ಲ್ಯೂಬೆಕ್: ಬಿದ್ದಲ್ಲೇ ಉಳಿದ ಗಂಟೆಗಳು

ಉತ್ತರ ಜರ್ಮನಿಯ ಲ್ಯೂಬೆಕ್ ನಗರಕ್ಕೆ ಹೋದ ಪ್ರವಾಸಿಗರು ಸಂತ ಮೇರಿಯ ಚರ್ಚನ್ನು ನೋಡದೆ ಮರಳುವುದು ಕಡಿಮೆ. ಅದರ ದಕ್ಷಿಣ ಗೋಪುರದ ಬುಡದಲ್ಲಿ ಎರಡು ಭಾರಿ ಗಂಟೆಗಳು ನೆಲಹಾಸನ್ನು ಜಜ್ಜಿ, ಚೂರುಚೂರಾಗಿ ಬಿದ್ದಿವೆ. 1942ರ ಮಾರ್ಚ್ 28ರ ರಾತ್ರಿ, ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರ ಬೆಳಗಾಗುವುದರೊಳಗೆ, ಅವು ಉರಿಯುವ ಗೋಪುರದಿಂದ ಕೆಳಗುರುಳಿದವು. ಚರ್ಚನ್ನು ಮತ್ತೆ ಕಟ್ಟಿದವರು ಎಲ್ಲವನ್ನೂ ಸರಿಪಡಿಸಿದರು, ಈ ಗಂಟೆಗಳನ್ನು ಮಾತ್ರ ಮುಟ್ಟಲಿಲ್ಲ.

ಲ್ಯೂಬೆಕ್ ವರ್ತಕರ ಊರು. 1143ರಲ್ಲಿ ಸ್ಥಾಪನೆಯಾಗಿ, 1226ರಲ್ಲಿ ಚಕ್ರವರ್ತಿಯೊಬ್ಬನನ್ನು ಬಿಟ್ಟು ಬೇರಾರಿಗೂ ತಲೆಬಾಗಬೇಕಿಲ್ಲದ ಸ್ವತಂತ್ರ ನಗರವಾಯಿತು. ಬಾಲ್ಟಿಕ್ ಸಮುದ್ರದ ವ್ಯಾಪಾರವನ್ನು ಶತಮಾನಗಳ ಕಾಲ ಹಿಡಿತದಲ್ಲಿಟ್ಟುಕೊಂಡಿದ್ದ ಹಾನ್ಸಾ ಎಂಬ ವರ್ತಕ ನಗರಗಳ ಕೂಟಕ್ಕೆ ಇದೇ ಮುಖಂಡ. ಈ ಸಿರಿಗೆ ಮೂಲ ಬಂಗಾರವಲ್ಲ, ಉಪ್ಪು. ಉಪವಾಸದ ದಿನಗಳಲ್ಲಿ ಮಾಂಸ ತಿನ್ನದ ಆ ಕಾಲದ ಯೂರೋಪಿಗೆ ಮೀನು ಬೇಕಿತ್ತು. ಮೀನು ಕೆಡದಿರಲು ಉಪ್ಪು ಬೇಕಿತ್ತು. ಸ್ವೀಡನ್ನಿನ ದಕ್ಷಿಣ ತೀರದ ಹೆರಿಂಗ್ ಮೀನಿಗೂ ಲ್ಯೂನೆಬುರ್ಗ್‌ನ ಉಪ್ಪಿಗೂ ನಡುವೆ ಲ್ಯೂಬೆಕ್‌ನ ವರ್ತಕರು ಕುಳಿತಿದ್ದರು. 1398ರಲ್ಲಿ ಉಪ್ಪು ಸಾಗಿಸುವ ದೋಣಿಗಳಿಗೆಂದೇ ಕಾಲುವೆಯೊಂದು ಸಿದ್ಧವಾಯಿತು.

ಆ ಹಣದಿಂದ ಎದ್ದದ್ದು ಈ ಚರ್ಚು. ಅದೇ ಊರಿನ ಬಿಷಪ್ಪರ ಚರ್ಚಿಗಿಂತ ತಮ್ಮದು ದೊಡ್ಡದಿರಬೇಕೆಂಬ ಹಟ ವರ್ತಕರದು. ಆ ಸೀಮೆಯಲ್ಲಿ ಕಟ್ಟಡಕ್ಕೊದಗುವ ಕಲ್ಲು ಅಪರೂಪ. ಹಾಗಾಗಿ ಕೆಂಪು ಇಟ್ಟಿಗೆಯಲ್ಲೇ 38 ಮೀಟರ್ ಎತ್ತರದ ಕಮಾನು ಚಾವಣಿ ನಿಲ್ಲಿಸಿದರು. ಬಾಲ್ಟಿಕ್ ತೀರದ ಎಷ್ಟೋ ಊರುಗಳು ಈ ಮಾದರಿಯನ್ನು ಅನುಸರಿಸಿದವು.

1705ರಲ್ಲಿ ಇಪ್ಪತ್ತು ವರ್ಷದ ಯುವಕನೊಬ್ಬ ಆರ್ನ್‌ಷ್ಟಾಟ್ ಊರಿನಿಂದ ಸುಮಾರು 400 ಕಿಲೋಮೀಟರ್ ದೂರ ನಡೆದು ಇಲ್ಲಿಗೆ ಬಂದ. ಈ ಚರ್ಚಿನ ಆರ್ಗನ್ ವಾದಕ ಬುಕ್ಸ್ಟಹೂಡನ ಸಂಗೀತ ಕೇಳುವುದು ಅವನ ಆಸೆ. ಪಡೆದಿದ್ದು ನಾಲ್ಕು ವಾರದ ರಜೆ, ಹಿಂತಿರುಗಿದ್ದು ಸುಮಾರು ನಾಲ್ಕು ತಿಂಗಳ ಮೇಲೆ. ಮೇಲಧಿಕಾರಿಗಳಿಂದ ಬೈಸಿಕೊಂಡ ಆ ಯುವಕನೇ ಯೋಹಾನ್ ಸೆಬಾಸ್ಟಿಯನ್ ಬಾಖ್.

ಬುಕ್ಸ್ಟಹೂಡ ನುಡಿಸಿದ ಆರ್ಗನ್ ಇಂದು ಇಲ್ಲ. 1942ರ ಆ ರಾತ್ರಿ ಬ್ರಿಟನ್ನಿನ 234 ಬಾಂಬರ್ ವಿಮಾನಗಳು ಲ್ಯೂಬೆಕ್ ಮೇಲೆ ಬಂದವು. ಸೈನಿಕ ದೃಷ್ಟಿಯಿಂದ ಅದೇನೂ ಮೊದಲ ಸಾಲಿನ ಗುರಿಯಲ್ಲ. ಆದರೆ ಒತ್ತೊತ್ತಾಗಿ ಕಟ್ಟಿದ, ಮರ ಬಳಸಿದ ಹಳೆಯ ಮನೆಗಳು ಬೇಗ ಹೊತ್ತಿಕೊಳ್ಳುತ್ತವೆ ಎಂಬುದೇ ಲೆಕ್ಕಾಚಾರ. ಸುಮಾರು 320 ಜನ ಸತ್ತರು, ಹಳೆಯ ಊರಿನ ಐದನೇ ಒಂದು ಪಾಲು ಬೂದಿಯಾಯಿತು. ಜರ್ಮನಿಯೇ 1940ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯನ್ನು ಸುಟ್ಟಿತ್ತೆಂಬುದನ್ನೂ ಮರೆಯುವಂತಿಲ್ಲ. ಲ್ಯೂಬೆಕ್‌ಗೆ ಸೇಡೆಂದು ಜರ್ಮನರು ಎಕ್ಸೆಟರ್, ಬಾತ್, ನಾರಿಚ್, ಯಾರ್ಕ್‌ಗಳಂಥ ಹಳೆಯ ಊರುಗಳ ಮೇಲೆ ಬಾಂಬು ಸುರಿದರು. ಆ ದಾಳಿಗಳಿಗೆ ಬಿದ್ದ ಹೆಸರು ‘ಬೇಡೆಕರ್ ದಾಳಿ’. ಬೇಡೆಕರ್ ಎಂದರೆ ಜರ್ಮನಿಯ ಹೆಸರಾಂತ ಪ್ರವಾಸಿ ಕೈಪಿಡಿ! ನೋಡಲೇಬೇಕಾದ ಊರುಗಳೇ ಸುಡಬೇಕಾದ ಊರುಗಳಾದವು.

ಬೆಂಕಿಯ ಕಾವಿಗೆ ಚರ್ಚಿನ ಗೋಡೆಯ ಸುಣ್ಣ ಕಳಚಿದಾಗ ಒಳಗಿಂದ ಮಧ್ಯಯುಗದ ಚಿತ್ರಗಳು ಇಣುಕಿದವು. ಸೋತು ಸುಣ್ಣವಾದ ದೇಶಕ್ಕೆ ಇದು ಪವಾಡದಂತೆ ಕಂಡಿತು. 1948ರಲ್ಲಿ ಅವುಗಳ ಜೀರ್ಣೋದ್ಧಾರದ ಗುತ್ತಿಗೆ ಡೀಟ್ರಿಖ್ ಫೈ ಎಂಬುವನಿಗೆ ಸಿಕ್ಕಿತು. ಅಟ್ಟಣೆ ಏರಿ ಕುಂಚ ಹಿಡಿದವನು ಅವನ ಆಳು ಲೋಥರ್ ಮಾಲ್ಸ್ಕಾಟ್. 1951ರಲ್ಲಿ ಚರ್ಚಿನ 700ನೇ ವರ್ಷದ ಉತ್ಸವಕ್ಕೆ ಪಶ್ಚಿಮ ಜರ್ಮನಿಯ ಚಾನ್ಸಲರ್ ಆಡೆನೌವರ್ ಅವರೇ ಬಂದರು, ಅಂಚೆಚೀಟಿಯೂ ಹೊರಬಂತು. ಗರ್ಭಗುಡಿಯ ಭಾಗದ ಸಂತರ ಸಾಲನ್ನು ಕಂಡು ಪಂಡಿತರು ತಲೆದೂಗಿದರು.

ಮರುವರ್ಷವೇ ಮಾಲ್ಸ್ಕಾಟ್ ಬಾಯಿಬಿಟ್ಟ: ಆ ಸಂತರೆಲ್ಲ ತನ್ನ ಸೃಷ್ಟಿ! ಕೀರ್ತಿ, ಕಾಸು ಎರಡನ್ನೂ ಯಜಮಾನನೇ ಬಾಚಿಕೊಂಡನೆಂಬ ಸಿಟ್ಟು ಅವನಿಗೆ. ಯಾರೂ ನಂಬಲಿಲ್ಲ. ಕೊನೆಗೆ ವಕೀಲನ ಮೂಲಕ ತನ್ನ ಮೇಲೆ ತಾನೇ ದೂರು ಕೊಟ್ಟುಕೊಳ್ಳಬೇಕಾಯಿತು. 1955ರಲ್ಲಿ ಫೈಗೆ 20 ತಿಂಗಳು, ಮಾಲ್ಸ್ಕಾಟ್‌ಗೆ 18 ತಿಂಗಳು ಸೆರೆವಾಸದ ತೀರ್ಪಾಯಿತು. ಮೋಸ ಮಾಡಿದವನಿಗಿಂತ ಮೋಸಹೋಗಲು ಹಾತೊರೆದಿದ್ದ ಪಂಡಿತರ ಮಾನವೇ ಹೆಚ್ಚು ಹರಾಜಾಯಿತು ಎನ್ನಬೇಕು.

ಆ ಸುಳ್ಳು ಸಂತರನ್ನು ಗೋಡೆಯಿಂದ ತೊಳೆದುಹಾಕಿದರು. ಬೆರ್ನ್ಟ್ ನೋಟ್ಕೆ ಚಿತ್ರಿಸಿದ್ದ ‘ಸಾವಿನ ಕುಣಿತ’ದ ನಕಲೂ ಬೆಂಕಿಗೆ ಹೋಗಿದೆ. 1987ರಲ್ಲಿ ಯುನೆಸ್ಕೊ ಈ ಹಳೆಯ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗಂಟೆಗಳ ಗೋಪುರದಡಿಯಲ್ಲಿ ಈಗೊಂದು ಮೊಳೆಗಳ ಶಿಲುಬೆ ಇದೆ. ಅದು ಬಂದದ್ದು ಕೊವೆಂಟ್ರಿಯಿಂದ.